ಸಿಗ್ವರ್ಟನ ಮಣ್ಣಿನ ಬಿಯರ್

ಗುನ್‌ವೋರ್ ಇಪ್ಪತ್ತಾರು ವರ್ಷದಿಂದ ಉಲ್ವೆದಾಲ್ ಕಣಿವೆಯಲ್ಲಿ ಮನೆಮನೆಗೆ ಹೋಗುವ ನರ್ಸು. ಬೆಳಿಗ್ಗೆ ಏಳೂವರೆಗೆ ಪುರಸಭೆಯ ಬಿಳಿ ಕಾರು ಹತ್ತಿದರೆ ಮಧ್ಯಾಹ್ನದೊಳಗೆ ಹನ್ನೆರಡು ಮನೆ ಮುಗಿಸಬೇಕು. ಒಬ್ಬರಿಗೆ ಇನ್ಸುಲಿನ್, ಒಬ್ಬರಿಗೆ ಕಾಲಿನ ಪಟ್ಟಿ, ಒಬ್ಬರಿಗೆ ಸ್ನಾನ, ಇನ್ನೊಬ್ಬರಿಗೆ ಬರೀ ಮಾತು. ಯಾವ ಮನೆಗೆ ಎಷ್ಟು ನಿಮಿಷ ಎಂದು ಮೇಲಿನವರು ಪಟ್ಟಿ ಕಳಿಸುತ್ತಾರೆ. ಮಾತಿಗೆಂದು ಅದರಲ್ಲಿ ಒಂದು ನಿಮಿಷವೂ ಇರುವುದಿಲ್ಲ. ಪಟ್ಟಿ ಬರೆಯುವ ಆ ಪುಣ್ಯಾತ್ಮರು ಒಂದೇ ಒಂದು ದಿನ ಅವಳ ಪಕ್ಕದ ಸೀಟಿನಲ್ಲಿ ಕೂತಿದ್ದರೆ ಅದನ್ನು ತಾವೇ ಒಲೆಗೆ ಹಾಕುತ್ತಿದ್ದರು.

ಇಂಥವಳಿಗೆ ಬಿಯರ್ ಕಾಯಿಸುವ ಹುಚ್ಚು ಹಿಡಿದದ್ದು ಆರು ವರ್ಷದ ಹಿಂದೆ, ತಾಯಿ ತೀರಿಕೊಂಡಾಗ. ದಿನವಿಡೀ ಕಾಯಿಲೆಯವರ ಮೈ ಮುಟ್ಟುವ ಕೈಗೆ, ಕಾಯಿಲೆ ಬೀಳದ ಏನಾದರೂ ಒಂದು ಬೇಕಾಗಿತ್ತು. ಒಂದು ಬಕೆಟ್ಟು ಬಂತು, ಆಮೇಲೆ ಎರಡಾಯಿತು, ಆಮೇಲೆ ಗ್ಯಾರೇಜು ಪೂರ್ತಿ ಅದಕ್ಕೇ ಆಯಿತು. ಗಂಡನ ಹೆಸರು ಲೈಫ್, ಹಡಗಿನ ಕೆಲಸದವನು, ತಿಂಗಳಿಗೊಮ್ಮೆ ಮನೆಗೆ ಬರುವವನು. "ನನ್ನ ಕಾರು ಹೊರಗೆ ಹಿಮದಲ್ಲಿ ನಡುಗ್ತಾ ನಿಂತಿದೆ, ನಿನ್ನ ಬಕೆಟ್ಟು ಒಳಗೆ ಕಂಬಳಿ ಹೊದ್ದು ಮಲಗಿದೆ. ನಾನು ಬಕೆಟ್ಟಾಗಿ ಹುಟ್ಬೇಕಾಗಿತ್ತು ಕಣೇ," ಎನ್ನುತ್ತಿದ್ದ. ಅವಳು ನಗುತ್ತಲೇ ಪುಸ್ತಕ ತಿರುವುತ್ತಿದ್ದಳು. ಎಲ್ಲವೂ ಪುಸ್ತಕದ ಪ್ರಕಾರ. ಪಾತ್ರೆಗಳನ್ನೆಲ್ಲ ಔಷಧಿ ನೀರಿನಲ್ಲಿ ತೊಳೆದು, ಗಾಜಿನ ಥರ್ಮಾಮೀಟರ್ ಇಳಿಬಿಟ್ಟು, ಇಷ್ಟು ಗ್ರಾಂ, ಇಷ್ಟು ಡಿಗ್ರಿ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಬರ್ಗೆನ್ನಿನ ಸ್ಪರ್ಧೆಯೊಂದರಲ್ಲಿ ಅವಳ ಇಂಗ್ಲಿಷ್ ಏಲ್ ಬಿಯರಿಗೆ ಎರಡನೇ ಬಹುಮಾನವೂ ಬಂದಿತ್ತು. ಮೂರು ವಾರಕ್ಕೊಮ್ಮೆ ಶನಿವಾರ ಭಾನುವಾರವೂ ಡ್ಯೂಟಿ. ಉಳಿದ ಶನಿವಾರಗಳಲ್ಲಿ ಆ ಗ್ಯಾರೇಜಿನಿಂದ ಮಾಲ್ಟಿನ ಸಿಹಿ ಆವಿ ರಸ್ತೆಯವರೆಗೂ ಬರುತ್ತಿತ್ತು.

ಅವಳ ಪಟ್ಟಿಯಲ್ಲಿ ಏಳನೆಯ ಮನೆ ಸಿಗ್ವರ್ಟನದು. ಎಂಬತ್ತನಾಲ್ಕು ವರ್ಷದ ಮುದುಕ. ರಸ್ತೆಗೆ ಬಂಡೆ ಒಡೆಯುವ ಕೆಲಸದಲ್ಲಿ ಬೆನ್ನು ಸವೆಸಿದ್ದ. ಈಗ ಹೊಟ್ಟೆಯಲ್ಲಿ ಗಡ್ಡೆ. ಹೆಂಡತಿ ಸೆಲ್ಮಾ ಹೋಗಿ ಹನ್ನೊಂದು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ತಂಗಿ ಬೋರ್ಗ್‌ಹಿಲ್ಡ್ ಅವನನ್ನು ನೋಡಿಕೊಳ್ಳಲೆಂದು ಬಂದು ಜೊತೆಗಿದ್ದಳು. ಅವಳಿಗೂ ಎಂಬತ್ತರ ಹತ್ತಿರ. ನೋಡಿಕೊಳ್ಳುವುದಕ್ಕಿಂತ ಬೈಯುವುದೇ ಹೆಚ್ಚು, ಆದರೆ ಬೈಗುಳದ ನಡುವೆಯೇ ಅವನ ಕಾಲುಚೀಲ ಒಲೆಯ ಹತ್ತಿರ ಬೆಚ್ಚಗಾಗಿರುತ್ತಿತ್ತು. ಆ ಕಣಿವೆಯಲ್ಲಿ ಪಾದ್ರಿಗೂ ನೀನು, ಡಾಕ್ಟರಿಗೂ ನೀನು, ದನಕ್ಕೂ ನೀನು. ಹಾಗಾಗಿ ಗುನ್‌ವೋರ್ ಕೂಡ ಮುದುಕನನ್ನು ಹೆಸರು ಹಿಡಿದೇ ಮಾತಾಡಿಸುತ್ತಿದ್ದಳು.

ಅಕ್ಟೋಬರಿನ ಒಂದು ಬೆಳಿಗ್ಗೆ ಅವಳು ಅವನ ಮೈ ಒರೆಸಲು ಬೇಸಿನ್ನಿನಲ್ಲಿ ನೀರು ತಂದು, ಎಂದಿನಂತೆ ಮೊಣಕೈ ಅದ್ದಿ ಬಿಸಿ ನೋಡಿದಳು. ಚೀಲದಲ್ಲಿ ಪುರಸಭೆ ಕೊಟ್ಟ ಥರ್ಮಾಮೀಟರ್ ಇತ್ತು. ಸ್ನಾನದ ನೀರಿಗೆ ಅವಳು ಅದನ್ನು ಒಂದು ಸಲವೂ ತೆಗೆದವಳಲ್ಲ.

"ಡಾಕ್ಟರ್ ಏನಂದ?" ಎಂದು ಸಿಗ್ವರ್ಟ್ ಕೇಳಿದ.

"ಕ್ರಿಸ್‌ಮಸ್‌ವರೆಗೂ ಅಂದ."

"ಯಾವ ವರ್ಷದ್ದು?"

"ಈ ವರ್ಷದ್ದೇ, ಸಿಗ್ವರ್ಟ್."

ಅವನು ಮಾಡಿನ ಹಲಗೆಗಳತ್ತ ಕಣ್ಣು ಹಾಯಿಸಿದ. "ಹಂಗಾದ್ರೆ ಒಂದು ಕೆಲ್ಸ ಇದೆ. ನೀನು ಬಿಯರ್ ಕಾಯಿಸ್ತೀಯಂತಲ್ಲ. ನನ್ನ ಮಣ್ಣಿನ ಬಿಯರ್ ನೀನೇ ಕಾಯಿಸ್ಬೇಕು."

ಉಲ್ವೆದಾಲ್‌ನಲ್ಲಿ ಯಾರಾದರೂ ಹೋದರೆ, ಮಣ್ಣು ಮಾಡುವ ದಿನಕ್ಕೆ ಆ ಮನೆಯ ಹೆಪ್ಪಿನಿಂದಲೇ ಬಿಯರ್ ಆಗಬೇಕು. ಮೊಸರಿಗೆ ಹೆಪ್ಪು ಇರುವ ಹಾಗೆ ಬಿಯರಿಗೂ ಪ್ರತಿ ಮನೆಯಲ್ಲೂ ಅಜ್ಜನ ಕಾಲದಿಂದ ಬಂದ ಹೆಪ್ಪು ಇರುತ್ತಿತ್ತು. ಚರ್ಚಿನಿಂದ ಬಂದು ಎಲ್ಲರೂ ಮೇಜಿನ ಸುತ್ತ ಕೂತ ಮೇಲೆ, ಅಲ್ಲಿರುವವರಲ್ಲಿ ಹಿರಿಯರು ಮೊದಲ ಗುಟುಕು ಕುಡಿದು "ಯಾರದಿದು?" ಎಂದು ಕೇಳುತ್ತಾರೆ. ಕಾಯಿಸಿದವರು ಎದ್ದು ನಿಂತು ಹೆಪ್ಪಿನ ಒಡೆಯರ ಹೆಸರು ಹೇಳುತ್ತಾರೆ. ಆಮೇಲೇ ಉಳಿದವರು ಲೋಟ ಎತ್ತುವುದು. ಬೇರೆ ಮಾತಿನಲ್ಲಿ ಎಷ್ಟು ಸುಳ್ಳು ಹೇಳಿದರೂ ಆ ಪ್ರಶ್ನೆಗೆ ಅಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ.

"ಮೂವತ್ತೊಂದು ಜನರ ಮಣ್ಣಿಗೆ ನಾನು ಕಾಯಿಸಿದೀನಿ," ಎಂದ ಸಿಗ್ವರ್ಟ್. "ಕೊನೇದು ಸೆಲ್ಮಾದು. ಈಗ ಯಾರ ಮನೇಲೂ ಹೆಪ್ಪಿಲ್ಲ, ಎಲ್ಲಾ ಅಂಗಡಿ ಯೀಸ್ಟ್ ಪೊಟ್ಟಣ. ನನ್ನ ಮಣ್ಣಿಗೆ ಏನಿಡ್ತಾರೆ ಗೊತ್ತಾ? ಡಬ್ಬಿ ಬಿಯರ್. ಟಪ್ ಟಪ್ ಅಂತ ಡಬ್ಬಿ ತೆಗೀತಾರೆ. ನಾನು ಪೆಟ್ಟಿಗೆ ಒಳಗೇ ಮಗ್ಗಲು ಬದಲಾಯಿಸ್ತೀನಿ, ನೋಡ್ತಿರು."

"ಹೆಪ್ಪು ಇದೆಯಾ?"

"ಒಲೆಮನೇಲಿ ಮೊಳೆಗೆ ನೇತಾಕಿದೀನಿ. ಇನ್ನೊಂದು ಮಾತು. ಸತ್ತ ಮೇಲೆ ಕಾಯಿಸಿದ್ರೆ ನನಗೇನು ಸಿಕ್ತು? ಮುಂಚೇನೇ ಕಾಯಿಸು. ಒಂದು ಬಟ್ಟಲು ನನಗೆ, ಉಳಿದಿದ್ದು ಮಣ್ಣಿಗೆ."

ಅಡುಗೆಮನೆಯಿಂದ ಬೋರ್ಗ್‌ಹಿಲ್ಡ್ ಕೂಗಿದಳು. "ತನ್ನ ಸಾವಿನ ಊಟಕ್ಕೆ ತಾನೇ ಉಪ್ಪು ನೋಡೋನು ಪ್ರಪಂಚದಲ್ಲಿ ಇವನೊಬ್ಬನೇ!"

ಗುನ್‌ವೋರ್ ಒಪ್ಪಿಕೊಂಡಳು. ಒಳಗೊಳಗೆ ಹೆಮ್ಮೆಯೂ ಆಯಿತು. ಆರು ವರ್ಷ ಕಣಿವೆಯ ಮುದುಕರೆಲ್ಲ ಅವಳದನ್ನು ಪುಸ್ತಕದ ಬಿಯರ್ ಎಂದು ಆಡಿಕೊಂಡಿದ್ದರು. ಈಗ ಅವರಲ್ಲೇ ದೊಡ್ಡವನು ಕೇಳಿದ್ದ.

ಒಲೆಮನೆ ಅಂಗಳದ ಆಚೆ, ಮಸಿ ಹಿಡಿದ ಮರದ ಗುಡಿಸಲು. ನಡುವೆ ಒಲೆ, ಅದರ ಮೇಲೆ ತಾಮ್ರದ ಹಂಡೆ. ಹೆಪ್ಪು ಎಂದರೆ ಒಂದು ಬಳೆ. ಗಂಟುಗಂಟಾದ ಮರದ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿ ಮಾಡಿದ್ದು, ಊಟದ ತಟ್ಟೆಯಷ್ಟು ಅಗಲ. ಪ್ರತಿ ಸಲ ಬಿಯರಿನ ನೊರೆಯಲ್ಲಿ ಅದ್ದಿ ಒಣಗಿಸಿ, ಸಂದುಸಂದಿನಲ್ಲಿ ಬೂದುಬಣ್ಣದ ಹಕ್ಕಳೆ ಕಟ್ಟಿತ್ತು. ಅದರ ಮೇಲೆ ಮಸಿ, ಧೂಳು, ಒಂದು ನೊಣದ ಕಾಲು. ನರ್ಸಾದವಳ ಕಣ್ಣಿಗೆ ಅದು ಗಾಯಕ್ಕೆ ತಾಗಬಾರದ ವಸ್ತುವಾಗಿಯೇ ಕಂಡಿತು. ಅವಳು ಬಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಮನೆಗೆ ಒಯ್ದಳು.

ಬಿಡುವಿನ ಶನಿವಾರ ಗ್ಯಾರೇಜಿನಲ್ಲಿ ಬಾರ್ಲಿ ಮಾಲ್ಟು ನೆನೆಸಿ, ಬಸಿದು, ಸಿಹಿನೀರು ತೆಗೆದು ಕುದಿಸಿದಳು. ಬಳೆಯನ್ನು ಹಾಗೇ ಸಿಹಿನೀರಿಗೆ ಬಿಡಲು ಮನಸ್ಸು ಬರಲಿಲ್ಲ. ಶುದ್ಧ ಮಾಡಿದ ಚಾಕುವಿನ ತುದಿಯಿಂದ ಒಂದೆರಡು ಕಡೆ ಕೆರೆದು ಅರ್ಧ ಚಮಚದಷ್ಟು ಪುಡಿ ತೆಗೆದಳು. ಪುಸ್ತಕ ಏಲ್‌ಗೆ ಇಪ್ಪತ್ತು ಡಿಗ್ರಿ ಎಂದಿತ್ತು. ಸಿಹಿನೀರನ್ನು ಸರಿಯಾಗಿ ಇಪ್ಪತ್ತಕ್ಕೆ ಆರಿಸಿ, ಪುಡಿ ಉದುರಿಸಿ, ಮುಚ್ಚಳ ಹಾಕಿದಳು. ಸಿಗ್ವರ್ಟನನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಬಹುಮಾನ ಬಂದವರಿಗೆ ಕೇಳುವುದು ಸ್ವಲ್ಪ ಕಷ್ಟ.

ಭಾನುವಾರ ಮುಚ್ಚಳದ ಮೇಲಿನ ಗಾಜಿನ ನಳಿಗೆಯಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ. ಸೋಮವಾರ ಡ್ಯೂಟಿಗೆ ಹೋಗುವ ಮುಂಚೆ ನೋಡಿದಳು, ಊಟಕ್ಕೆ ಬಂದಾಗ ನೋಡಿದಳು, ಸಂಜೆ ಬಕೆಟ್ಟಿಗೆ ಕಿವಿಯಿಟ್ಟು ಕೂತಳು. ಸಿಗ್ವರ್ಟನ ಹೆಪ್ಪು ಎರಡೇ ದಿನದಲ್ಲಿ ಕೆಲಸ ಮುಗಿಸುವುದೆಂದು ಇಡೀ ಕಣಿವೆಗೆ ಗೊತ್ತು. ಇದು ಅಲುಗಾಡಿರಲೇ ಇಲ್ಲ. ಮಂಗಳವಾರ ಬೆಳಿಗ್ಗೆ ಅವಳು ತೀರ್ಮಾನಕ್ಕೆ ಬಂದಳು. ಹನ್ನೊಂದು ವರ್ಷ ಮೊಳೆಗೆ ನೇತಾಡಿದ ಹೆಪ್ಪು ಸತ್ತಿದೆ. ಕಾರು ಹತ್ತುವ ಅವಸರದಲ್ಲೇ ಅಂಗಡಿಯ ಯೀಸ್ಟ್ ಪೊಟ್ಟಣ ಹರಿದು ಸುರಿದಳು. ಸಂಜೆಗೆ ನಳಿಗೆ ಗುಳುಗುಳು ಎನ್ನುತ್ತಿತ್ತು. ಬಳೆಯನ್ನು ಒಯ್ದು ಒಲೆಮನೆಯ ಮೊಳೆಗೆ ಮತ್ತೆ ನೇತುಹಾಕಿದಳು, ಕಳ್ಳಿಯ ಹಾಗೆ, ಅಡುಗೆಮನೆಯ ಕಿಟಕಿ ತಪ್ಪಿಸಿ.

ನವೆಂಬರ್ ಮಧ್ಯದಲ್ಲಿ ಬಾಟಲಿ ತೆಗೆದುಕೊಂಡು ಹೋದಳು. ದಾರಿಯುದ್ದಕ್ಕೂ ನಿಜ ಹೇಳುವುದೆಂದೇ ಅಂದುಕೊಂಡಿದ್ದಳು. ಬೋರ್ಗ್‌ಹಿಲ್ಡ್ ಬಣ್ಣ ಬಳಿದ ಹಳೆಯ ಮರದ ಬಟ್ಟಲು ತೊಳೆದು ಇಟ್ಟಿದ್ದಳು. ಸಿಗ್ವರ್ಟ್ ಬಿಳಿ ಅಂಗಿ ಹಾಕಿಸಿಕೊಂಡು, ದಿಂಬಿಗೆ ಒರಗಿ ಕೂತಿದ್ದ. ತಲೆ ಬಾಚಿತ್ತು. ಎರಡೂ ಕೈಯಲ್ಲಿ ಬಟ್ಟಲು ಹಿಡಿದು, ಒಂದು ಗುಟುಕು ಕುಡಿದು, ಬಾಯಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗಿದ.

"ಚೆನ್ನಾಗಿದೆ," ಎಂದ. ಆಮೇಲೆ ಮೆಲ್ಲಗೆ ಕೇಳಿದ. "ಯಾರದಿದು?"

ಹನ್ನೆರಡು ಮನೆಯಲ್ಲಿ ದಿನಕ್ಕೆ ಹನ್ನೆರಡು ಸಲ 'ಎಲ್ಲಾ ಸರಿಹೋಗುತ್ತೆ' ಎಂದು ಹೇಳಿ ಅಭ್ಯಾಸವಾದ ನಾಲಿಗೆ ಅವಳದು. ಬಿಳಿ ಅಂಗಿ ನೋಡಿತು, ಬಾಚಿದ ತಲೆ ನೋಡಿತು.

"ನಿಂದೇ, ಸಿಗ್ವರ್ಟ್."

ಮುದುಕ ಅವಳ ಮುಖ ನೋಡಿದ. ಇನ್ನೊಂದು ಗುಟುಕು ಕುಡಿದ. ಬಟ್ಟಲನ್ನು ತಂಗಿಯ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿದ. "ಹಂಗಾದ್ರೆ ನನ್ನ ನಾಲಿಗೆ ನನಗಿಂತ ಮುಂಚೆ ಸತ್ತಿದೆ," ಎಂದ.

ಅವತ್ತಿನಿಂದ ಅವನು ಊಟ ಬಿಟ್ಟ. ಕಾಫಿ ಬೇಡ, ಕುರಿಮಾಂಸದ ಸೂಪು ಬೇಡ, ಬೋರ್ಗ್‌ಹಿಲ್ಡ್ ತಾನೇ ಲಟ್ಟಿಸಿ ಬೇಯಿಸಿದ ತೆಳು ರೊಟ್ಟಿಯೂ ಬೇಡ. "ಎಲ್ಲಾ ಮಣ್ಣು ಅಂತಾನೆ," ಎಂದು ಅವಳು ಬಾಗಿಲಲ್ಲೇ ಗುನ್‌ವೋರ್‌ಗೆ ಹೇಳಿದಳು. ಬೈಯಲಿಲ್ಲ. ಬೋರ್ಗ್‌ಹಿಲ್ಡ್ ಬೈಯದಿದ್ದರೆ ಆ ಮನೆಯಲ್ಲಿ ಏನೋ ಕೆಟ್ಟಿದೆ ಎಂದೇ ಅರ್ಥ. "ನಾಲಿಗೇನೇ ಇಲ್ಲ ಅಂದ್ಮೇಲೆ ಯಾಕೆ ತಿನ್ಲಿ ಅಂತಾನೆ. ನಿನ್ನೆ ಸೆಲ್ಮಾದು ಬಿಯರ್ ಹೆಂಗಿತ್ತು ಅಂತ ಕೇಳ್ದ. ಚೆನ್ನಾಗಿತ್ತು ಅಂದೆ. ಅದಕ್ಕವನು, ನನಗೆ ನೆನಪಿಗೇ ಬರ್ತಿಲ್ಲ, ರುಚಿ ಅನ್ನೋದೇ ನೆನಪಿಗೆ ಬರ್ತಿಲ್ಲ ಅಂದ."

ಗುನ್‌ವೋರ್ ಪಟ್ಟಿಯಲ್ಲಿ 'ಆಹಾರ ಕಡಿಮೆ' ಎಂದು ಬರೆದಳು. ಅದಕ್ಕೆ ಕಾರಣ ಬರೆಯಲು ಅಲ್ಲಿ ಜಾಗವಿತ್ತು. ಅವಳ ಕೈ ಹೋಗಲಿಲ್ಲ. ಎಂಟನೆಯ ಮನೆಗೆ ಹೋಗುವ ದಾರಿಯಲ್ಲಿ ಕಾರು ನಿಲ್ಲಿಸಿ ಸ್ಟಿಯರಿಂಗಿನ ಮೇಲೆ ತಲೆಯಿಟ್ಟಳು. ಗಡ್ಡೆ ಅವನ ಹೊಟ್ಟೆಯನ್ನು ತಿನ್ನುತ್ತಿತ್ತು. ನಾಲಿಗೆಯನ್ನು ತಿಂದವಳು ತಾನು. ಇದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಆದರೂ ಎರಡು ವಾರಕ್ಕೂ ಹೆಚ್ಚು ದಿನ ಅವಳು ಬಾಯಿಬಿಡಲಿಲ್ಲ. ಸುಳ್ಳು ಹೇಳಲು ಒಂದು ಉಸಿರು ಸಾಕಾಗಿತ್ತು. ಹಿಂದಕ್ಕೆ ತೆಗೆದುಕೊಳ್ಳಲು ಇಷ್ಟು ದಿನ ಬೇಕಾದವು. ಮೂವತ್ತೊಂದು ಮಣ್ಣಿಗೆ ಬಿಯರ್ ಕಾಯಿಸಿದವನಿಗೆ 'ನಿನ್ನ ಹೆಪ್ಪು ಸತ್ತಿದೆ' ಎನ್ನಬೇಕಲ್ಲ ಎಂಬ ಭಯವೂ ಅದರಲ್ಲಿತ್ತು, ತನ್ನ ಮಾನದ ಭಯವೂ ಇತ್ತು.

ಡಿಸೆಂಬರ್ ಮೊದಲ ವಾರ. ಹೊರಗೆ ಮೊಣಕಾಲುದ್ದ ಹಿಮ. ಅವಳು ಬೇಸಿನ್ ತಂದು ಮೊಣಕೈ ಅದ್ದಿದಳು. ಸಿಗ್ವರ್ಟ್ ಅರೆಗಣ್ಣಲ್ಲಿ ನೋಡುತ್ತಿದ್ದ.

"ಸೆಲ್ಮಾನೂ ಹಿಂಗೇ ಮೊಣಕೈ ಅದ್ತಿದ್ಲು," ಎಂದ.

"ಯಾರ ಸ್ನಾನಕ್ಕೆ?"

"ಸ್ನಾನಕ್ಕಲ್ಲ, ಬಿಯರಿಗೆ. ನಾನು ಹೆಪ್ಪು ಬಿಡೋ ಮುಂಚೆ ಅವಳು ಮೊಣಕೈ ಇಟ್ಟು ಹ್ಞೂ ಅನ್ಬೇಕಿತ್ತು. ಇದಕ್ಕಿಂತ ಒಂದು ಚೂರು ಬಿಸಿ. ಆಗತಾನೆ ಕರೆದ ಹಾಲು ಇರುತ್ತಲ್ಲ, ಅದಕ್ಕಿಂತ ಒಂಚೂರೇ ಜಾಸ್ತಿ."

ಗುನ್‌ವೋರ್‌ಳ ಮೊಣಕೈ ನೀರಿನಲ್ಲೇ ನಿಂತಿತು. ಇಪ್ಪತ್ತು ಡಿಗ್ರಿ. ಅಂದರೆ ಬಾವಿಯ ನೀರಿಗೆ ಬಿಟ್ಟ ಹಾಗೆ. ಹೆಪ್ಪು ಸತ್ತಿರಲಿಲ್ಲ, ಚಳಿಗೆ ಮುದುಡಿ ಮಲಗಿತ್ತು. ಎಷ್ಟು ಬಿಸಿ ಬೇಕೆಂಬುದು ಇಪ್ಪತ್ತಾರು ವರ್ಷದಿಂದ ಅವಳ ಮೊಣಕೈಯಲ್ಲೇ ಇತ್ತು. ಅವಳು ಗಾಜಿನ ಕಡ್ಡಿಯನ್ನು ನಂಬಿದ್ದಳು. ಅವಳಿಗೆ ಅಳು ಬಂತು. ತಡೆಯಲು ಹೋಗಲಿಲ್ಲ.

"ಸಿಗ್ವರ್ಟ್, ನಾನು ನಿನಗೆ ಸುಳ್ಳು ಹೇಳ್ದೆ. ನೀನು ಕುಡಿದದ್ದು ನಿಂದಲ್ಲ."

"ಇನ್ನೊಂದ್ಸಲ ಹೇಳು."

"ಅದು ಪೊಟ್ಟಣದ್ದು. ನಿನ್ನ ಹೆಪ್ಪು ಏಳ್ಲಿಲ್ಲ. ಸತ್ತೋಗಿದೆ ಅನ್ಕೊಂಡು ಪೊಟ್ಟಣ ಹಾಕ್ದೆ. ನೀನು ಯಾರದು ಅಂದಾಗ ನಿಂದು ಅಂದೆ."

ಬಾಗಿಲಲ್ಲಿ ಕಾಫಿ ಕೆಟಲ್ ಹಿಡಿದು ಬೋರ್ಗ್‌ಹಿಲ್ಡ್ ನಿಂತಿದ್ದಳು. ಗುನ್‌ವೋರ್‌ಳ ಕೈಯಲ್ಲಿದ್ದ ಒದ್ದೆ ಬಟ್ಟೆ ತಣ್ಣಗಾಯಿತು.

"ಇಷ್ಟು ದಿನ," ಎಂದ ಸಿಗ್ವರ್ಟ್. "ಇಷ್ಟು ದಿನ ನಾನು ಇಲ್ಲಿ ಅರ್ಧ ಹೆಣ ಆಗಿ ಮಲಗಿದ್ದೆ. ನಿನಗೆ ಗೊತ್ತಿತ್ತು. ದಿನಾ ಬಂದು ನನ್ನ ಬೆನ್ನು ಒರೆಸಿ ಹೋಗ್ತಿದ್ದೆ."

ಕ್ಷಮಿಸು ಎಂಬ ಮಾತು ಇದಕ್ಕೆ ಸಾಲದು ಎನಿಸಿ ಅವಳು ಬಟ್ಟೆಯನ್ನು ಮತ್ತೆ ಬಿಸಿ ನೀರಿಗೆ ಅದ್ದಿ ಹಿಂಡಿದಳು.

ಅವನು ಬಾಗಿಲ ಕಡೆ ತಿರುಗಿ, "ಬೋರ್ಗ್‌ಹಿಲ್ಡ್, ಆ ಕಂದು ಚೀಸ್ ತಗೊಂಬಾ," ಎಂದ. ಖೋವಾದ ಹಾಗೆ ಕಾಯಿಸಿ ಮಾಡಿದ ಆ ಚೀಸಿನಲ್ಲಿ ತಂಗಿ ತೆಳ್ಳಗೆ ಒಂದು ಸೀಳು ಕುಯ್ದು ತಂದು ಅವನ ಬಾಯಿಗಿಟ್ಟಳು. ಅವನು ಅಗಿಯಲಿಲ್ಲ, ನಾಲಿಗೆಯ ಮೇಲೆ ಕರಗಲು ಬಿಟ್ಟ. "ಸಿಹಿ," ಎಂದ. ಸ್ವಲ್ಪ ತಡೆದು, "ಹಿಂದೆ ಉಪ್ಪು," ಎಂದ. ಎರಡು ಕಣ್ಣಿಂದಲೂ ನೀರು ಇಳಿದು ಕಿವಿಯ ಹತ್ತಿರ ಹೋಯಿತು. ಬೋರ್ಗ್‌ಹಿಲ್ಡ್ ತನ್ನ ಏಪ್ರನ್ನಿನ ತುದಿಯಿಂದ ಒರೆಸಿದಳು.

"ಬಳೆ ಪೂರ್ತಿ ಮುಳುಗಿಸಿದ್ಯಾ?" ಎಂದು ಅವನು ಕೇಳಿದ. ಧ್ವನಿಯಲ್ಲಿ ಕೋಪ ಇನ್ನೂ ಇತ್ತು.

"ಇಲ್ಲ. ಕೆರೆದು ಹಾಕ್ದೆ. ಮಸಿ ಇತ್ತು, ನೊಣದ ಕಾಲಿತ್ತು."

"ಆ ನೊಣ ನಿನಗಿಂತ ಹಳೇದು, ಅದಕ್ಕೆ ಮರ್ಯಾದೆ ಕೊಡು. ಕೂಗಿದ್ಯಾ?"

"ಏನು ಕೂಗೋದು?"

ಅಣ್ಣ ತಂಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಹೆಪ್ಪು ಬಿಡುವಾಗ ಗಂಟಲು ಹರಿಯೋ ಹಂಗೆ ಕೂಗ್ಬೇಕು ಕಣೇ," ಎಂದಳು ಬೋರ್ಗ್‌ಹಿಲ್ಡ್. "ಹೆಪ್ಪು ಬೆಚ್ಚಿಬಿದ್ದು ಏಳ್ಬೇಕು. ತಣ್ಣೀರಲ್ಲಿ ಹಾಕಿ, ಪುಡಿ ಮಾಡಿ, ಬಾಯಿ ಮುಚ್ಕೊಂಡು ನಿಂತ್ರೆ ಯಾರು ಏಳ್ತಾರೆ? ನಾನೂ ಏಳಲ್ಲ."

"ಬಳೆ ಇನ್ನೂ ಇದೆ," ಎಂದಳು ಗುನ್‌ವೋರ್. "ಅಲ್ಲೇ ನೇತಾಕಿದೀನಿ."

"ಗೊತ್ತು. ನೀನು ಕಿಟಕಿ ಕೆಳಗೆ ಬಗ್ಗಿ ಹೋಗಿದ್ದನ್ನ ನೋಡ್ದೆ," ಎಂದಳು ಬೋರ್ಗ್‌ಹಿಲ್ಡ್. "ಇವಳ್ಯಾಕೆ ಕೋಳಿ ಕದಿಯೋ ಹಂಗೆ ಹೋಗ್ತಿದಾಳೆ ಅನ್ಕೊಂಡೆ."

ಮುಂದಿನ ಶನಿವಾರ ಗುನ್‌ವೋರ್‌ಗೆ ಡ್ಯೂಟಿ ಇತ್ತು. ಬಿಯರಿಗಾಗಿ ಆರು ವರ್ಷದಲ್ಲಿ ಮೊದಲ ಸಲ ಸಹೋದ್ಯೋಗಿಯನ್ನು ಬೇಡಿಕೊಂಡು ಪಾಳಿ ಬದಲಾಯಿಸಿದಳು, ಬದಲಿಗೆ ಕ್ರಿಸ್‌ಮಸ್ ದಿನ ತಾನು ಮಾಡುವುದೆಂದು ಒಪ್ಪಿಕೊಂಡಳು. ಬೆಳಕು ಹರಿಯುವ ಹೊತ್ತಿಗೆ ಒಲೆಮನೆಯಲ್ಲಿದ್ದಳು. ಪುಸ್ತಕ ತರಲಿಲ್ಲ. ಹಿಮದಡಿಯಿಂದ ಜೂನಿಪರ್ ಪೊದೆಯ ಘಮಘಮಿಸುವ ಕೊಂಬೆ ಕಡಿದು ತಂದು ಹಂಡೆಯ ನೀರಿನಲ್ಲಿ ಕುದಿಸಿದರು. ಆ ಹಸಿರು ನೀರಿನಲ್ಲೇ ಮಾಲ್ಟು ನೆನೆಸಿದರು. ಬೋರ್ಗ್‌ಹಿಲ್ಡ್ ಮೂರು ಕಾಲಿನ ಮಣೆಯ ಮೇಲೆ ಕೂತು ಒಲೆಗೆ ಸೌದೆ ಒಡ್ಡುತ್ತ, ಅದು ಹಾಗಲ್ಲ ಇದು ಹೀಗಲ್ಲ ಎಂದು ಬೈಯುತ್ತಿದ್ದಳು. ಹೊಗೆಗೆ ಇಬ್ಬರ ಕಣ್ಣೂ ಕೆಂಪಾದವು. ಸಿಹಿನೀರು ನಾಲ್ಕು ಗಂಟೆ ಕುದಿದು ಕೆಂಪುಕಂದು ಬಣ್ಣಕ್ಕೆ ಬಂತು. ಆಮೇಲೆ ಮರದ ತೊಟ್ಟಿಗೆ ಸುರಿದು ಆರಲು ಬಿಟ್ಟರು.

ಗುನ್‌ವೋರ್ ಸ್ವೆಟರಿನ ತೋಳು ಮಡಿಸಿ ಮೊಣಕೈ ಅದ್ದಿದಳು. ಸುಟ್ಟಿತು. ಕಾದಳು. ಮತ್ತೆ ಅದ್ದಿದಳು, ಇನ್ನೂ ಬಿಸಿ. ಮೂರನೆಯ ಸಲ ಅವಳು ಕಣ್ಣು ಮುಚ್ಚಿಕೊಂಡಳು. ಇಷ್ಟು ವರ್ಷ ಸ್ನಾನ ಮಾಡಿಸಿದ ಮೈಗಳೆಲ್ಲ ನೆನಪಾದವು. ಅವರಲ್ಲಿ ಎಷ್ಟೋ ಜನ ಈಗ ಚರ್ಚಿನ ಹಿಂದೆ ಮಲಗಿದ್ದರು. ಅವರಿಗೆಲ್ಲ ಹಿತವಾಗಿದ್ದ ಬಿಸಿ, ಅದರ ಮೇಲೆ ಒಂದು ಚೂರು.

"ಹ್ಞೂ," ಎಂದಳು.

ಬೋರ್ಗ್‌ಹಿಲ್ಡ್ ಎದ್ದು ಹೋಗಿ ಮನೆಯ ಕಡೆಯ ಬಾಗಿಲನ್ನು ಪೂರ್ತಿ ತೆರೆದಳು. ಅಂಗಳದ ಆಚೆ ಸಿಗ್ವರ್ಟನ ಕೋಣೆಯ ಕಿಟಕಿಯೂ ತೆರೆದಿತ್ತು. ಅಷ್ಟು ಚಳಿಯಲ್ಲೂ ತೆರೆಯಲೇಬೇಕೆಂದು ಬೆಳಿಗ್ಗೆಯೇ ಹಟ ಮಾಡಿದ್ದ. ಗುನ್‌ವೋರ್ ಬಳೆಯನ್ನು ಮೊಳೆಯಿಂದ ತೆಗೆದು, ಮಸಿ, ನೊಣದ ಕಾಲು ಎಲ್ಲದರ ಸಮೇತ ತೊಟ್ಟಿಯೊಳಗೆ ಮುಳುಗಿಸಿದಳು.

"ಕೂಗು."

ಇಪ್ಪತ್ತಾರು ವರ್ಷದಿಂದ ಅವಳು ಕಾಯಿಲೆಯವರ ಕೋಣೆಗಳಲ್ಲಿ ಮೆಲುದನಿಯಲ್ಲೇ ಮಾತಾಡಿದವಳು. ಕೂಗಲು ಹೋದರೆ ಕೀರಲು ಸದ್ದೊಂದು ಮಾತ್ರ ಬಂತು.

"ಇದೇನು ಬೆಕ್ಕಿನ ಮರೀನಾ? ಕೂಗೇ!"

ಅವಳು ಕೂಗಿದಳು. ತಾಯಿ ಹೋದ ದಿನ ಕೂಗಿರಲಿಲ್ಲ, ಅದೂ ಅದರಲ್ಲಿ ಬಂತು. ಎದುರು ಬೆಟ್ಟಕ್ಕೆ ಬಡಿದು ಧ್ವನಿ ವಾಪಸು ಬಂತು. ಹಿಮದ ಮೇಲೆ ಕೂತಿದ್ದ ಕಾಗೆಗಳು ಎದ್ದವು. ಆಮೇಲೆ ಆ ತೆರೆದ ಕಿಟಕಿಯಿಂದ, ಉಸಿರಿಗಿಂತ ಸ್ವಲ್ಪವೇ ದೊಡ್ಡದಾಗಿ, ಮುದುಕನ ಕೂಗೂ ಬಂತು. ಬೋರ್ಗ್‌ಹಿಲ್ಡ್ ಮಣೆಯ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡಳು.

ಒಂದು ಗಂಟೆಯೊಳಗೆ ಬಳೆಯ ಸುತ್ತ ಬಿಳಿ ನೊರೆ ಎದ್ದಿತು. ಸಂಜೆಗೆ ತೊಟ್ಟಿಯ ಅಂಚಿಗೆ ಬಂದಿತ್ತು. ಕಿತ್ತಳೆ ಸಿಪ್ಪೆಯ ವಾಸನೆ ಒಲೆಮನೆ ತುಂಬಿತು. ಅದು ಸಿಗ್ವರ್ಟನ ಹೆಪ್ಪಿನ ವಾಸನೆಯೆಂದು ಬೋರ್ಗ್‌ಹಿಲ್ಡ್ ಹೇಳಬೇಕಾಗಿಯೇ ಇರಲಿಲ್ಲ. ಸೆಲ್ಮಾಳ ಮಣ್ಣಿನ ದಿನ ಕುಡಿದದ್ದು ಗುನ್‌ವೋರ್‌ಗೂ ನೆನಪಿತ್ತು.

ಸೋಮವಾರ ಸಂಜೆ ಬಿಯರ್ ಇಳಿಸಿದರು. ಅಷ್ಟರಲ್ಲಿ ಸಿಗ್ವರ್ಟ್ ನುಂಗುವುದನ್ನು ನಿಲ್ಲಿಸಿದ್ದ. ಭಾನುವಾರದಿಂದಲೇ ಒಂದು ಹನಿ ನೀರೂ ಒಳಗೆ ಇಳಿಯುತ್ತಿರಲಿಲ್ಲ, ಕೆಮ್ಮು ಬರುತ್ತಿತ್ತು. ಗುನ್‌ವೋರ್ ಮಂಚದ ಪಕ್ಕ ನಿಂತು, ಬೋರ್ಗ್‌ಹಿಲ್ಡ್ ತುಂಬಿಸಿ ತಂದ ಬಟ್ಟಲನ್ನು ನೋಡಿದಳು. ಮೂರು ದಿನ ಮೊದಲೇ ಕಾಯಿಸಬಹುದಿತ್ತು. ಮೂರು ವಾರ ಮೊದಲೇ ಕಾಯಿಸಬಹುದಿತ್ತು. ಅವಳ ಸುಳ್ಳು ತಿಂದುಹಾಕಿದ ದಿನಗಳು ಅವು.

ಆಮೇಲೆ ಅವಳು ತನ್ನ ಕೆಲಸದ ಚೀಲ ತೆರೆದಳು. ಕೊನೆಗಾಲದವರ ಬಾಯಿ ಒಣಗದಂತೆ ಒರೆಸಲು ಕಡ್ಡಿಯ ತುದಿಗೆ ಸಣ್ಣ ಸ್ಪಂಜು ಇರುವುದೊಂದು ಅದರಲ್ಲಿ ಸದಾ ಇರುತ್ತದೆ. ಅದನ್ನು ಬಟ್ಟಲಲ್ಲಿ ಅದ್ದಿ, ಅಂಚಿಗೆ ಹಿಂಡಿ, ಅವನ ತುಟಿಯ ಒಳಗೆ, ಒಸಡಿಗೆ, ನಾಲಿಗೆಗೆ ಮೆಲ್ಲಗೆ ಸವರಿದಳು. ಸಿಗ್ವರ್ಟ್ ಸ್ಪಂಜನ್ನು ತುಟಿಯಲ್ಲಿ ಹಿಡಿದುಕೊಂಡ. ಚೀಪಿದ. ಬಿಡಲಿಲ್ಲ. ಅವಳು ಮತ್ತೆ ಅದ್ದಿ ಕೊಟ್ಟಳು.

ಅವನು ಕಣ್ಣು ತೆರೆದ. ತುಟಿ ಅಲ್ಲಾಡಿತು. ಗುನ್‌ವೋರ್ ಬಗ್ಗಿ ಕಿವಿಯಿಟ್ಟಳು.

"ಜೂನಿಪರ್ ಕಮ್ಮಿ ಆಯ್ತು," ಎಂದ.

"ಏನಂತೆ?" ಎಂದಳು ಬೋರ್ಗ್‌ಹಿಲ್ಡ್.

"ಜೂನಿಪರ್ ಕಮ್ಮಿ ಆಯ್ತಂತೆ."

"ಸಾಯೋ ಹೊತ್ತಲ್ಲೂ ಕೊಂಕು," ಎಂದು ಬೋರ್ಗ್‌ಹಿಲ್ಡ್ ಬೈದು, ಅಣ್ಣನ ಪಾದ ಹಿಡಿದು ಕೂತಳು. ಬಳೆಯನ್ನು ಅವನಿಗೆ ಕಾಣುವಂತೆ ಕಿಟಕಿಯ ಚೌಕಟ್ಟಿಗೆ ನೇತುಹಾಕಿದ್ದಳು. ಹೊಸ ನೊರೆ ಅದರಿಂದ ಕೆಳಗಿನ ಹಳೆಯ ಪತ್ರಿಕೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಗುರುವಾರ ಬೆಳಿಗ್ಗೆ ಗುನ್‌ವೋರ್ ಏಳನೆಯ ಮನೆಗೆ ಬರುವ ಹೊತ್ತಿಗೆ ಬಳೆ ಒಣಗಿತ್ತು, ಸಿಗ್ವರ್ಟ್ ಹೋಗಿದ್ದ. ಅವಳು ನೀರು ತಂದು, ಮೊಣಕೈ ಅದ್ದಿ ಬಿಸಿ ನೋಡಿ, ಅವನ ಮೈ ಒರೆಸಿದಳು. ಬಿಸಿ ನೋಡುವ ಅಗತ್ಯ ಇರಲಿಲ್ಲ. ಆದರೂ ನೋಡಿದಳು.

ಕ್ರಿಸ್‌ಮಸ್ಸಿಗೆ ನಾಲ್ಕು ದಿನ ಮೊದಲು ಮಣ್ಣು ಮಾಡಿದರು. ಚಳಿಗೆ ಕಲ್ಲಾಗಿದ್ದ ನೆಲವನ್ನು ಬೆಂಕಿ ಹಾಕಿ ಕರಗಿಸಿ ಗುಂಡಿ ತೋಡಬೇಕಾಯಿತು. ಚರ್ಚಿನಿಂದ ಬಂದ ಜನ ಕೈ ಉಜ್ಜಿಕೊಳ್ಳುತ್ತ ಸಿಗ್ವರ್ಟನ ದೊಡ್ಡ ಕೋಣೆಯಲ್ಲಿ ಕೂತರು. ಮೇಜಿನ ಮೇಲೆ ಮಾಂಸದ ಸೂಪು, ತೆಳು ರೊಟ್ಟಿ, ಬೆಣ್ಣೆ. ಒಂದು ಡಬ್ಬಿಯೂ ಇರಲಿಲ್ಲ. ಹೂಜಿಗಳಲ್ಲಿ ಕೆಂಪುಕಂದು ಬಿಯರ್ ಇತ್ತು. ಲೈಫ್ ಕೂಡ ರಜೆ ಹಾಕಿ ಬಂದು, ಕೋಟು ಹಾಕಿಕೊಂಡು, ಮೂಲೆಯಲ್ಲಿ ತಮಾಷೆ ಮಾಡದೆ ಕೂತಿದ್ದ.

ಕೂತವರಲ್ಲಿ ಹಿರಿಯಳು ಬೋರ್ಗ್‌ಹಿಲ್ಡ್. ಅವಳು ಅಣ್ಣನ ಮರದ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ, ಒಂದು ಗುಟುಕು ಕುಡಿದಳು. ಹನ್ನೊಂದು ವರ್ಷದಿಂದ ಯಾವ ಮಣ್ಣಿನ ಮೇಜಿನಲ್ಲೂ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಕೇಳುತ್ತಾರೋ ಇಲ್ಲವೋ ಎಂದು ಕೆಲವರು ತಲೆ ತಗ್ಗಿಸಿದರು.

"ಯಾರದಿದು?" ಎಂದಳು ಬೋರ್ಗ್‌ಹಿಲ್ಡ್. ಅವಳು ಗುನ್‌ವೋರ್‌ಳನ್ನೇ ನೋಡುತ್ತಿದ್ದಳು.

ಗುನ್‌ವೋರ್ ಎದ್ದು ನಿಂತಳು. ಈ ಪ್ರಶ್ನೆಗೆ ಇದೇ ಮನೆಯಲ್ಲಿ ಅವಳು ಒಂದು ಸಲ ಉತ್ತರ ಹೇಳಿದ್ದಳು. ಅದೇ ಹೆಸರು ಹೇಳಿದ್ದಳು.

"ಸಿಗ್ವರ್ಟಂದು," ಎಂದಳು.

ಬೋರ್ಗ್‌ಹಿಲ್ಡ್ ತಲೆಯಾಡಿಸಿ, ಇನ್ನೊಂದು ಗುಟುಕು ಕುಡಿದು, ಬಟ್ಟಲನ್ನು ಪಕ್ಕದವರಿಗೆ ಕೊಟ್ಟಳು. ಎಲ್ಲರೂ ಲೋಟ ಎತ್ತಿದರು.